ಸಾಣಾಪುರ ಕೆರೆ: ಗಾಳ ಹಾಕಬಹುದಾ? ಗುಡ್ಡಕ್ಕೆ ದಾರಿ ಎಲ್ಲಿಂದ?

ಹಗರಿದಂಡೆ: ಡಿಸೆಂಬರ್‌ನಲ್ಲಿ ಬಳ್ಳಾರಿಯಿಂದ ಆನೆಗುಂದಿ ಹತ್ತಿರದ ಈ ಕೆರೆಗೆ ಬೈಕಲ್ಲಿ ಬರ್ತಿದ್ದೇವೆ. ಬೆಳಿಗ್ಗೆ ಗಾಳ, ಆಮೇಲೆ ಗುಡ್ಡ. ಅನುಮತಿ ಬೇಕಾ? ತಳವೆಲ್ಲ ಕಲ್ಲು ಅಂತಾರೆ, ಗಾಳ ಸಿಕ್ಕಿಕೊಳ್ಳದ ಹಾಗೆ ಏನು ಮಾಡೋದು?

ಬೆಂಡು_ಸೀಸ: ಮೊದಲು ದಂಡೆಯ ತೆಪ್ಪದವರನ್ನು ಕೇಳಿ, ಮೀನಿನ ಗುತ್ತಿಗೆ ಯಾರದು ಅಂತ ಅವರಿಗೆ ಗೊತ್ತಿರುತ್ತೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಲ್ಲಿ ಮರಿ ಮಾಡಲ್ಲ. ನಮ್ಮ ಕೆರೆಗಳಲ್ಲಿ ಸಿಗೋದು ಹೆಚ್ಚಾಗಿ ಯಾರೋ ದುಡ್ಡು ಕೊಟ್ಟು ಬಿಟ್ಟ ಮರಿಯೇ. ಕೇಳದೆ ಹಿಡಿದರೆ ಜಗಳ ಖಂಡಿತ. ಪಕ್ಕದ ತುಂಗಭದ್ರಾ ಹೊಳೆಗೆ ಮಾತ್ರ ಗಾಳ ಒಯ್ಯಬೇಡಿ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ನೀರುನಾಯಿ ಸಂರಕ್ಷಿತ ಪ್ರದೇಶ, 2015ರಲ್ಲೇ ಘೋಷಣೆಯಾಗಿದೆ.

ಇನ್ನು ಕಲ್ಲಿನ ತಳ. ಮೃಗಾಲ್ ತಳದ ಮೀನು, ಅದರ ಆಸೆ ಬಿಡಿ. ರೋಹು ನಡುನೀರಲ್ಲಿ ಮೇಯುತ್ತೆ, ತೇಲುವ ಬೆಂಡು ಕಟ್ಟಿ ಗಾಳದ ಮುಳ್ಳನ್ನು ತಳಕ್ಕಿಂತ ಎರಡು ಅಡಿ ಮೇಲೆ ನಿಲ್ಲಿಸಿ. ಭಾರಕ್ಕೆ ಸೀಸ ಕಟ್ಟಿ ತಳಕ್ಕೆ ಇಳಿಸಲೇಬೇಕೆಂದರೆ ಮುಖ್ಯ ದಾರ 0.35 ಮಿ.ಮೀ. ಇರಲಿ, ಸೀಸವನ್ನು ಮಾತ್ರ 0.20ರ ಗೇಣುದ್ದ ದಾರಕ್ಕೆ ಬೇರೆಯಾಗಿ ಕಟ್ಟಿ. ಬಂಡೆ ಸಂದಿಗೆ ಸಿಕ್ಕೋದು ಸೀಸವೇ. ಎಳೆದಾಗ ತೆಳು ದಾರ ಹರಿದು ಮುಳ್ಳು, ಮೀನು ಎರಡೂ ಉಳಿಯುತ್ತೆ.

ಆನೆಗುಂದಿ_ಜಾಡು: ಗುಡ್ಡಕ್ಕ ಕಡದಿಟ್ಟ ದಾರಿ ಏನಿಲ್ರಿ, ಆಡು-ಕುರಿ ತಿರುಗಿದ ಜಾಡಷ್ಟ. ಭತ್ತದ ಗದ್ದಿ ಬದುವಿನ ಮ್ಯಾಲ ಹೋಗೂಮುಂದ ಗದ್ದಿ ಮಾಲಕರನ್ನ ಒಂದು ಮಾತು ಕೇಳ್ರಿ. ಚಪ್ಪಲಿ ಬ್ಯಾಡ, ಹಿಡಿತ ಇರೋ ಬೂಟು ಹಾಕ್ರಿ. ಹತ್ತೂದು ಸಲೀಸು, ಇಳಿಯೂದರಾಗ ಜಾರತೀರಿ. ಚಿರತಿ, ಕರಡಿ ಅದಾವ. ನಸುಕಿನ್ಯಾಗ ಪೊದಿ ಸಂದ್ಯಾಗ ನುಗ್ಗಬ್ಯಾಡ್ರಿ. ಮನಿ ಮಂದಿ ಜೊತಿ ಬಂದ್ರ ಅಂಜನಾದ್ರಿ ಬೆಟ್ಟನ ಚಲೋ, 575 ಮೆಟ್ಟಲ.

ಹಗರಿದಂಡೆ: ಹಿಟ್ಟಿನ ಉಂಡೆ ಎಸೆಯುವಾಗಲೇ ಉದುರುತ್ತಲ್ಲ? ಕಾಲುವೆ ನೀರು ಬೀಳುವ ಕಡೆ ಕೂತರೆ?

ಬೆಂಡು_ಸೀಸ: ಗೋಧಿ ಹಿಟ್ಟು ಎರಡು ಪಾಲು, ಶೇಂಗಾ ಹಿಂಡಿ ಪುಡಿ ಒಂದು ಪಾಲು. ಹಿಂಡಿ ಜರಡಿ ಹಿಡಿಯಿರಿ, ತರಿ ಉಳಿದರೆ ಉಂಡೆ ಬಿರಿಯುತ್ತೆ. ನೀರು ಕಮ್ಮಿ ಹಾಕಿ ಗಟ್ಟಿಯಾಗಿ ನಾದಿ, ಅರ್ಧ ತಾಸು ಮುಚ್ಚಿಡಿ. ಚೂರು ಹತ್ತಿ ಎಳೆ ಸೇರಿಸಿದರೆ ಮುಳ್ಳಿಗೆ ಕಚ್ಚಿಕೊಳ್ಳುತ್ತೆ.

ಕಾಲುವೆ ಬಾಯಿ ಬೇಡವೇ ಬೇಡ. ಸೆಳವಿದೆ, ಪಾಚಿ ಹಿಡಿದ ಇಳಿಜಾರು, ಬಿದ್ದರೆ ಹಿಡಿಯಲು ಏನೂ ಸಿಗಲ್ಲ. ಈ ಭಾಗದ ನೀರಲ್ಲಿ ಮೊಸಳೆಯೂ ಇವೆ, ಮೀನು ತೊಳೆಯೋಕೆ ಅಂತಲೂ ಮೊಣಕಾಲುದ್ದ ಇಳಿಯಬೇಡಿ.

ಆನೆಗುಂದಿ_ಜಾಡು: ಬಳ್ಳಾರಿಯಿಂದ ಕುರುಗೋಡು, ಕಂಪ್ಲಿ, ಗಂಗಾವತಿ ಹಾದಿ ಹಿಡೀರಿ. ಮಳಿಗಾಲದಾಗ ಡ್ಯಾಮಿನ ನೀರು ಜಾಸ್ತಿ ಬಿಟ್ರ ಕಂಪ್ಲಿ ಸೇತುವಿ ಮುಳುಗತೈತಿ, ಆವಾಗ ಬುಕ್ಕಸಾಗರ–ಕಡೆಬಾಗಿಲು ಸೇತುವಿನ ಗತಿ. ಡಿಸೆಂಬರ್‌ಗೆ ಆ ಚಿಂತಿ ಇಲ್ಲ.