ಬ್ರಿಟಿಷರ ಕಾಲದಲ್ಲಿ ಬೆಟ್ಟದ ನೀರಿಂದ ಕರೆಂಟ್ ತೆಗೆದಿದ್ದು ಯಾರಿಗೋಸ್ಕರ?

ಬಿಸಿಲೆಘಾಟ್, ಸಕಲೇಶಪುರ:
ನಮ್ ಕಡೆ ನಾಲ್ಕು ಹನಿ ಬಿದ್ರೆ ಕರೆಂಟ್ ಹೋಗುತ್ತೆ, ಅದು ಬಿಡಿ. ಟೀ ಅಂಗಡೀಲಿ ಒಬ್ರು ಬ್ರಿಟಿಷರು ಬರದಿದ್ರೆ ಗುಡ್ಡಗಾಡಿಗೆ ಕರೆಂಟೇ ಬರ್ತಿರ್ಲಿಲ್ಲ ಅಂತ ವಾದಕ್ಕೆ ಕೂತ್ರು. ಆಗ ಬೆಟ್ಟದಲ್ಲಿ ಕಟ್ಟಿದ ಪವರ್ ಹೌಸ್‌ಗಳಿಂದ ಅಲ್ಲಿಯ ಜನಕ್ಕೇನಾದ್ರೂ ಸಿಕ್ತಾ? ತಿಳಿದೋರು ಹೇಳಿ.

ಮೂಡಿಗೆರೆಮಳೆ:
ಸಿಕ್ಕಿದ್ದು ಕಮ್ಮಿ ಮಾರಾಯ್ರೆ. 1897ರಲ್ಲಿ ಡಾರ್ಜಿಲಿಂಗ್ ಹತ್ರ ಸಿದ್ರಾಪಾಂಗ್‌ನಲ್ಲಿ 130 ಕಿಲೋವ್ಯಾಟ್‌ದು ಶುರುವಾಯ್ತು, ಬೆಳಗಿದ್ದು ದೊರೆಗಳು ಬೇಸಿಗೆ ಕಳೆಯೋಕೆ ಹೋಗ್ತಿದ್ದ ಪೇಟೆ. ಶಾನನ್ ಪವರ್ ಹೌಸ್ ಕಥೆ ಇನ್ನೂ ಮಜಾ, ಈಗಿನ ಹಿಮಾಚಲದ ಮಂಡಿ ಸಂಸ್ಥಾನದ ರಾಜನ ಹತ್ರ 1925ರಲ್ಲಿ 99 ವರ್ಷಕ್ಕೆ ಲೀಸ್ ಬರೆಸ್ಕೊಂಡು ಊಹ್ಲ್ ನದೀನ ಬೆಟ್ಟದೊಳಗೆ ಸುರಂಗ ಕೊರೆದು ಜೋಗಿಂದರ್‌ನಗರಕ್ಕೆ ಇಳಿಸಿದ್ರು, 48 ಮೆಗಾವ್ಯಾಟ್, 1933ರಲ್ಲಿ ಉದ್ಘಾಟನೆ ಮಾಡಿದ್ದು ಎಲ್ಲಿ ಗೊತ್ತಾ, ಲಾಹೋರ್‌ನಲ್ಲಿ! ಕರೆಂಟ್ ಹೋಗಿದ್ದೂ ಆ ಕಡೆಗೇ. ಮಂಡಿಗೆ ಫ್ರೀಯಾಗಿ ಕೊಡ್ತೀವಿ ಅಂದಿದ್ದು 500 ಕಿಲೋವ್ಯಾಟ್, ಅಂದ್ರೆ ನೂರಕ್ಕೆ ಒಂದು.

ಹಾಸನ್‌ಹುಡ್ಗ:
ಅಷ್ಟು ದೂರ ಯಾಕೆ ಹೋಗ್ತೀರ. ಶಿವನಸಮುದ್ರ ನೋಡಿ, 1902ರಲ್ಲಿ ಶುರು, ಕರೆಂಟ್ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ನೇರ ಕೋಲಾರದ ಚಿನ್ನದ ಗಣಿಗೆ. ಗಣಿ ನಡೆಸ್ತಿದ್ದಿದ್ದು ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದೇ 1905ರಲ್ಲಿ, ಹಳ್ಳಿ ಮಾತು ಕೇಳ್ಲೇಬೇಡಿ.

ಕಾಫಿಗಿಡ, ಚಿಕ್ಕಮಗಳೂರು:
ಒಂದ್ನಿಮಿಷ ಗುರು, ಅದು ಬ್ರಿಟಿಷ್ ಯೋಜನೆ ಅಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸಂಸ್ಥಾನ ಕೈಹಾಕಿದ್ದು. ದುಡ್ಡು ಕೊಟ್ಟು ಕರೆಂಟ್ ತಗೊಳ್ಳೋಕೆ ಅಷ್ಟು ದೊಡ್ಡ ಗಿರಾಕಿ ಗಣಿ ಬಿಟ್ರೆ ಯಾರಿದ್ರು? ಮಂಡೀಲೂ ರಾಜಾನೇ ಸೈನ್ ಹಾಕಿದ್ದು, ವೈಸರಾಯ್ ಕೆಳಗಿದ್ದ ರಾಜ ಬೇಡ ಅನ್ನೋ ಹಾಗಿತ್ತಾ ಅನ್ನೋದು ಬೇರೆ ಪ್ರಶ್ನೆ. ಎಲ್ಲಾ ಬ್ರಿಟಿಷರ ತಲೆಗೆ ಕಟ್ಟಿ ಕೈ ತೊಳ್ಕೊಳೋದೂ ಬೇಡ, ನಿಮ್ ಸಕಲೇಶಪುರದ ಪಕ್ಕದಲ್ಲೇ ಗುಂಡ್ಯ ಜಲವಿದ್ಯುತ್ ಯೋಜನೆ ತಂದಿದ್ದು ನಮ್ಮದೇ ಸರ್ಕಾರ, 200 ಮೆಗಾವ್ಯಾಟ್‌ಗೆ ಬೆಟ್ಟಕುಮರಿ ಕಡೆ ಕಾಡು ಮುಳುಗ್ತಿತ್ತು. ಪಶ್ಚಿಮ ಘಟ್ಟದ ಬಗ್ಗೆ ವರದಿ ಕೊಟ್ಟ ಗಾಡ್ಗೀಳ್ ಸಮಿತಿ ಬೇಡ ಅಂತ ಬರೆದಿದ್ದು ನೆನಪಿದೆಯಲ್ಲ.

ಬಿಸಿಲೆಘಾಟ್, ಸಕಲೇಶಪುರ:
ಗುಂಡ್ಯ ವಿಷ್ಯ ಒಪ್ತೀನಿ, ಆದ್ರೆ ಅಲ್ಲಿ ಬೀದಿಗಿಳಿದು ಬೇಡ ಅನ್ನೋಕೆ ನಮಗೆ ಅವಕಾಶ ಆದ್ರೂ ಇತ್ತು. ಅಂದಹಾಗೆ ಶಾನನ್‌ದು 99 ವರ್ಷ ಮುಗೀತಲ್ವಾ, ಈಗ ಯಾರ ಕೈಲಿದೆ?

ಮೂಡಿಗೆರೆಮಳೆ:
2024ರ ಮಾರ್ಚ್‌ಗೆ ಮುಗೀತು. ನಡೆಸ್ತಿದ್ದಿದ್ದು ಪಂಜಾಬ್, ಹಿಮಾಚಲ ವಾಪಸ್ ಕೊಡಿ ಅಂತು, ಪಂಜಾಬ್ ಸುಪ್ರೀಂ ಕೋರ್ಟ್‌ಗೆ ಹೋಯ್ತು. ಲೀಸ್ ಬರೆಸ್ಕೊಂಡೋರು 1947ಕ್ಕೇ ಗಂಟುಮೂಟೆ ಕಟ್ಟಿದ್ರು, ಕಿತ್ತಾಟ ಮಾತ್ರ ನಮ್ ನಮ್ಮಲ್ಲೇ.