ಪ್ರಿಂಟರ್ ಜಾಗ ಬದಲಿಸಿದ್ದಕ್ಕೆ ಐದು ನಿಮಿಷ ಸ್ತಬ್ಧ, ಯಾಕೆ?

ಪ್ರಶ್ನೆ: ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮ ಜೆರಾಕ್ಸ್ ಅಂಗಡಿ. 24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ (ಕಂಪ್ಯೂಟರ್, ಪ್ರಿಂಟರ್‌ಗಳನ್ನು ಕೇಬಲಿನಲ್ಲಿ ಜೋಡಿಸುವ, ಸೆಟ್ಟಿಂಗ್ ಬದಲಿಸಬಹುದಾದ ಪೆಟ್ಟಿಗೆ) ಇದೆ. ಅದರ 5ನೇ ಪೋರ್ಟಿಗೆ ಒಂದು ಪುಟ್ಟ ಸ್ವಿಚ್, ಪ್ರಿಂಟರ್ ಅದರಲ್ಲಿತ್ತು. ನಿನ್ನೆ ಪ್ರಿಂಟರನ್ನು ನೇರವಾಗಿ 12ಕ್ಕೆ ಹಾಕಿದೆ. ಸುಮಾರು ಐದು ನಿಮಿಷ ಒಂದು ಹಾಳೆಯೂ ಬರಲಿಲ್ಲ, ಆಮೇಲೆ ತಾನಾಗೇ ಸರಿಹೋಯಿತು. ಹಾಲ್ ಟಿಕೆಟ್‌ಗೆ ಮಕ್ಕಳು ಕಾಯುತ್ತಾ ನಿಂತಿದ್ದರು, ತುಂಬಾ ಬೇಜಾರಾಯಿತು.

ಉತ್ತರ 1: ಅಣ್ಣಾ, ಪ್ರಿಂಟರಿಗೆ ಸ್ಟ್ಯಾಟಿಕ್ ಐಪಿ (ನಾವೇ ಹಾಕಿಟ್ಟ, ಬದಲಾಗದ ನೆಟ್‌ವರ್ಕ್ ವಿಳಾಸ) ಕೊಟ್ಟಿದ್ದೀರಾ?

ಪ್ರಶ್ನೆ ಕೇಳಿದವರು: ಹೌದು.

ಉತ್ತರ 2: ಹಾಗಾದರೆ ಹೊಸ ಜಾಗದಲ್ಲಿ ಐಪಿ ಕೇಳಲು ಪ್ರಿಂಟರ್ ಮಾತಾಡಬೇಕಿಲ್ಲ, ಇದು ಮ್ಯಾಕ್ ಟೇಬಲ್ (ಯಾವ ಯಂತ್ರ ಯಾವ ಪೋರ್ಟಿನಲ್ಲಿದೆ ಅಂತ ಸ್ವಿಚ್ ಇಟ್ಟುಕೊಳ್ಳುವ ಪಟ್ಟಿ) ವಿಷಯವೇ ಇರಬೇಕು. ಫ್ರೇಮ್ (ಡೇಟಾದ ಒಂದು ಕಟ್ಟು) ಕಳಿಸಿದ ಯಂತ್ರದ ವಿಳಾಸ ನೋಡಿಯೇ ಸ್ವಿಚ್ ಕಲಿಯುವುದು. ಪ್ರಿಂಟರ್ ಹೊಸ ಜಾಗದಿಂದ ಬಾಯಿ ಬಿಡದೆ ಸುಮ್ನೆ ಕೂತರೆ, ಟೇಬಲಿನಲ್ಲಿ 5 ಅಂತಲೇ ಉಳಿಯುತ್ತದೆ. ಕೇಬಲ್ ನೇರ 5ರಲ್ಲೇ ಇದ್ದಿದ್ದರೆ, ಕಿತ್ತ ಕೂಡಲೇ ಲಿಂಕ್ ಬಿದ್ದು ಆ ನಮೂದು ಅಳಿಸುತ್ತಿತ್ತು. ನಿಮ್ಮಲ್ಲಿ ಪುಟ್ಟ ಸ್ವಿಚ್ ಲಿಂಕನ್ನು ಹಿಡಿದುಕೊಂಡಿತ್ತು, ಅಲ್ವಾ? ಬಹಳ ಸ್ವಿಚ್‌ಗಳಲ್ಲಿ ಹಳೇ ನಮೂದು ಹೋಗಲು 300 ಸೆಕೆಂಡ್ ಬೇಕು. ಅದು ಹೋದ ಮೇಲೆ, ಗೊತ್ತಿಲ್ಲದ ವಿಳಾಸ ಅಂತ ಫ್ರೇಮನ್ನು ಎಲ್ಲಾ ಪೋರ್ಟಿಗೂ ಕಳಿಸುತ್ತದೆ. ಪ್ರಿಂಟರ್ ಉತ್ತರಿಸುತ್ತದೆ, ಆಗ ಸ್ವಿಚ್ 12 ಅಂತ ಬರೆದುಕೊಳ್ಳುತ್ತದೆ. ಮುಂದಿನ ಸಲ ಸ್ವಿಚ್‌ನಲ್ಲಿ ಆ ಒಂದು ನಮೂದನ್ನು ಅಳಿಸಿಬಿಡಿ. ಏಜಿಂಗ್ ಸಮಯ (ಆ 300 ಸೆಕೆಂಡ್) ಮಾತ್ರ ಕಡಿಮೆ ಮಾಡಬೇಡಿ, ಸುಮ್ಮನಿರುವ ಯಂತ್ರಗಳಿಗೆ ಫ್ಲಡಿಂಗ್ (ಹೀಗೆ ಎಲ್ಲಾ ಪೋರ್ಟಿಗೂ ಕಳಿಸುವುದು) ಜಾಸ್ತಿಯಾಗುತ್ತದೆ.

ಪ್ರಶ್ನೆ ಕೇಳಿದವರು: ಪುಟ್ಟ ಸ್ವಿಚ್ ಇನ್ನೂ 5ರಲ್ಲೇ ಇದೆ. ಇವತ್ತೇ ತೆಗೆಯುತ್ತೇನೆ.