ಸಹಾಯ ಬೇಕು: ಕತ್ತಿ, ಲೇಸರ್ ಕಾಳಗ ಮುಗಿಯೋದೇ ಇಲ್ಲ

ಪುಣೆ ಕಡೆ ಟೇಬಲ್‌ಟಾಪ್ ರೋಲ್‌ಪ್ಲೇ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಕಥೆ ನಡೆಸೋ ಆಟ) ಆಡೋ ಕನ್ನಡದವರು ಸ್ವಲ್ಪ ನೋಡಿ. ಕೋಥ್ರೂಡ್‌ನ ನಮ್ಮ ಭಾನುವಾರದ ಸೈನ್ಸ್ ಫ್ಯಾಂಟಸಿ ಆಟಕ್ಕೆ ನಿಯಮ ಕೂರಿಸ್ತಿದ್ದೀವಿ.

ಆರು ಮುಖದ ಮೂರು ದಾಳ. ಮೊತ್ತ ಪಾತ್ರದ ಕೌಶಲದ ಅಂಕಿ ಮೀರದಿದ್ದರೆ ಗೆಲುವು. ಕೌಶಲ 10ಕ್ಕೆ 50%, 12ಕ್ಕೆ 74%, 14ಕ್ಕೆ ಸುಮಾರು 91%. ಇಪ್ಪತ್ತು ಮುಖದ ಒಂದೇ ದಾಳದಲ್ಲಿ ಕೌಶಲ ಎಲ್ಲಿ ಒಂದಂಕಿ ಏರಿದರೂ ಗೆಲುವು ಏರೋದು ಅದೇ 5%, ಪಳಗಿದ ಕೈ ಅನ್ನೋದು ಕಾಣೋದೇ ಇಲ್ಲ. ಹಾಗಾಗಿ ಈ ಮೂರು ದಾಳ ಬಿಡಲ್ಲ.

ತೊಡಕಿರೋದು ತಡೆಯೋ ದಾಳದ್ದು: ದಾಳಿ ಗೆದ್ದರೂ ಎದುರಾಳಿ ತನ್ನ ತಡೆಯ ದಾಳ ಗೆದ್ದರೆ ಏಟು ತಾಗಲ್ಲ. ದಾಳಿ 14, ತಡೆ 12 ಆದರೆ ಏಟು ತಾಗೋದು 23-24% ಮಾತ್ರ. ನುರಿತವರಿಬ್ಬರು ಎದುರಾದರೆ ಬರೀ ಟಣ್ ಟಣ್! ಒಂದೇ ಸುತ್ತಿನಲ್ಲಿ (ಎಲ್ಲರ ಸರದಿ ಒಂದು ಸಲ ಮುಗಿಯೋ ಹೊತ್ತು) ಒಬ್ಬನ ಮೇಲೆ ಬೀಳೋ ಎರಡನೇ ದಾಳಿಗೆ ತಡೆ 2 ಅಂಕಿ ಇಳಿಸಿದರೆ 45% ಆಗುತ್ತೆ, ಆದರೆ ಅದು ಗುಂಪು ಮುತ್ತಿದಾಗ. ಒಬ್ಬರಿಗೊಬ್ಬರು ನಿಂತಾಗ ಹುಸಿ ಏಟಿಗೆ ಬೇರೆ ದಾಳ ಕೊಡೋದಾ, ಸುತ್ತಿಗಿಷ್ಟು ಅಂತ ಸುಸ್ತಿನ ಅಂಕ ಕಳೆಯೋದಾ?

ಇನ್ನು ಲೇಸರ್. ಕಿರಣ ನೋಡಿ ತಪ್ಪಿಸಿಕೊಳ್ಳೋಕಾಗಲ್ಲ. ಗುರಿ ಹಿಡಿಯೋ ಕೈ ಕಂಡರಷ್ಟೇ ತಡೆ ಅಂತಿಟ್ಟಿದ್ದೀವಿ. ಆದರೆ 21 ಅಡಿ ನುಗ್ಗೋಕೆ ಕತ್ತಿಯವನಿಗೆ ಸುಮಾರು 1.5 ಸೆಕೆಂಡ್ ಸಾಕು, ನಮ್ಮ ಸುತ್ತು 6 ಸೆಕೆಂಡಿನದು. ಸುತ್ತನ್ನ 2 ಸೆಕೆಂಡಿಗೆ ಇಳಿಸಿ, ಸೊಂಟದ ಗನ್ ತೆಗೆಯೋಕೇ ಒಂದು ಸುತ್ತು ಇಟ್ಟರೆ ಆಟ ನಿಧಾನ ಆಗುತ್ತಾ? ಆಡಿ ನೋಡಿದವರು ಹೇಳಿ.